ಕಾರಣದ ಕಾಲಂ

ಇಪ್ಪತ್ತಾರು ವರ್ಷ ಊರಿನವರ ನಲ್ಲಿಗಳ ಬಾಯಿಗೆ ಸೀಸೆ ಹಿಡಿದ ಮನುಷ್ಯನಿಗೆ ಸ್ವಂತ ಮನೆಯ ನಲ್ಲಿಯೇ ಕೈಕೊಡಬಾರದಿತ್ತು. ಕೊಟ್ಟಿತು. ಆ ಬೆಳಿಗ್ಗೆ ಸ್ಯಾಂಪಲ್ ಸಾಹೇಬರು ಅಡುಗೆಮನೆಯ ಕಟ್ಟೆಗೆ ಮೊಣಕೈ ಊರಿ, ಪರೀಕ್ಷೆಯ ಪುಟ್ಟ ಪೆಟ್ಟಿಗೆಯಲ್ಲಿ ಮೂಡಿದ ಅಂಕಿಯನ್ನು ಒಮ್ಮೆ ಕನ್ನಡಕ ಹಾಕಿಕೊಂಡು, ಒಮ್ಮೆ ತೆಗೆದು, ಇನ್ನೊಮ್ಮೆ ಒರೆಸಿ ಹಾಕಿಕೊಂಡು ನೋಡಿದರು. ಮೂರು ಸಲವೂ ಅದು ಅರವತ್ತೆರಡೇ ಆಗಿತ್ತು.

ಸಾಹೇಬರು ಎಂದೊಡನೆ ಜೀಪಿನಲ್ಲಿ ಓಡಾಡುವ ಅಧಿಕಾರಿ ಎಂದುಕೊಳ್ಳಬೇಡಿ. ಅವರು ನೀರು ಸರಬರಾಜು ಕಚೇರಿಯ ಪ್ರಯೋಗಶಾಲೆಯಲ್ಲಿ ಪರೀಕ್ಷಕರು. ವಾರಕ್ಕೆ ನಲವತ್ತು ನಲ್ಲಿಗಳಿಂದ ನೀರು ಹಿಡಿದು ತಂದು, ಅದರಲ್ಲಿ ಏನಿದೆ, ಎಷ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಆ ರಿಜಿಸ್ಟರಿಗೆ ನಾಲ್ಕು ಕಾಲಂ: ಜಾಗ, ದಿನಾಂಕ, ಅಂಕಿ, ಕಾರಣ. ಉಳಿದ ಪರೀಕ್ಷಕರು ಕಾರಣದ ಕಾಲಮಿನಲ್ಲಿ 'ಮಳೆ' ಎಂದು ಗೀಚುತ್ತಿದ್ದರು, ಮಳೆ ಇಲ್ಲದಿದ್ದರೆ 'ಬಿಸಿಲು' ಎಂದು ಗೀಚುತ್ತಿದ್ದರು. ನಮ್ಮ ಸಾಹೇಬರು ಮಾತ್ರ ಕಾರಣ ಸಿಗುವವರೆಗೆ ಊಟ ಮಾಡುತ್ತಿರಲಿಲ್ಲ. ಸುಳ್ಳು ಅಂಕಿ ಬರೆದವರಲ್ಲ, ಕಚೇರಿಯ ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ. ಒಮ್ಮೆ ಅಲ್ಲಿಯ ಪೆನ್ಸಿಲನ್ನು ಮರೆತು ಕಿವಿಯ ಮೇಲೆ ಸಿಕ್ಕಿಸಿಕೊಂಡು ಬಂದು, ತಟ್ಟೆಯ ಮುಂದಿನಿಂದ ಎದ್ದು, ಮೂರು ಮೈಲಿ ನಡೆದು ವಾಪಸು ಇಟ್ಟು ಬಂದಿದ್ದರು. (ಅಂದು ಬಡಿಸಿದ ಅನ್ನ ಆರಿ ಹೋದದ್ದನ್ನು ಅವರ ಹೆಂಡತಿ ಇಂದಿಗೂ ಕ್ಷಮಿಸಿಲ್ಲ.)

"ಎಷ್ಟಂತೆ?" ಎಂದಳು ಆ ಹೆಂಡತಿ, ಪಕ್ಕದಲ್ಲೇ ನಿಂತು.

"ಅರವತ್ತೆರಡು."

"ಎಷ್ಟಿರಬೇಕು?"

"ನಲವತ್ತೈದು ದಾಟಬಾರದು."

"ಹಾಗಾದ್ರೆ ಅವಳಿಗೆ ನಲವತ್ತು ಅಂತ ಹೇಳಿ, ಮುಗೀತು."

ಅವಳು ಎಂದರೆ ಮಗಳು. ಮದುವೆಯಾಗಿ ಎಂಟು ಗಂಟೆಯ ರೈಲಿನ ದೂರದಲ್ಲಿದ್ದಾಳೆ. ಮೂರು ತಿಂಗಳ ಹಿಂದೆ ಹೆಣ್ಣು ಮಗು ಹೆತ್ತಿದ್ದಾಳೆ. ಮುಂದಿನ ತಿಂಗಳು ಪೂರ್ತಿ ಆಕೆಗೆ ರಜೆ. ಆ ರಜೆಯಲ್ಲಿ ಮಗುವನ್ನು ಎತ್ತಿಕೊಂಡು ಇಲ್ಲಿಗೆ ಬರುವುದೋ, ಗಂಡನ ತಂದೆತಾಯಿಯ ಮನೆಗೆ ಹೋಗುವುದೋ ಎಂಬುದು ಒಂದು ಅಂಕಿಯ ಮೇಲೆ ನಿಂತಿತ್ತು. ಮಗು ಬಾಟಲಿ ಹಾಲಿನದು. ಪುಡಿಯನ್ನು ನೀರಿಗೆ ಕದಡಿ ಕೊಡಬೇಕು. ನೀರಿನಲ್ಲಿ ನೈಟ್ರೇಟು ಹೆಚ್ಚಿದ್ದರೆ ದೊಡ್ಡವರಿಗೆ ತಕ್ಷಣ ಏನೂ ತಿಳಿಯದು, ಆದರೆ ಎಳೆಗೂಸಿನ ರಕ್ತ ಉಸಿರನ್ನು ಹೊರಲಾರದೆ ಹೋಗುತ್ತದೆ, ತುಟಿ ನೀಲಿಗಟ್ಟುತ್ತದೆ. ಮಗುವಿನ ಡಾಕ್ಟರು ಹಾಗೆ ಹೇಳಿದ್ದರಂತೆ. ಇದನ್ನು ಮಗಳಿಗೆ ಅದಕ್ಕೂ ಎಷ್ಟೋ ಮೊದಲು, ಅವಳು ಹೈಸ್ಕೂಲಿನಲ್ಲಿದ್ದಾಗಲೇ, ಊಟದ ಹೊತ್ತಿನಲ್ಲಿ ಹೇಳಿ ಹೇಳಿ ತಲೆಗೆ ತುಂಬಿದ ಮಹಾನುಭಾವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ನಲವತ್ತು ಅಂತ ಹೇಗೆ ಹೇಳ್ಲಿ?" ಎಂದರು ಸಾಹೇಬರು. "ಇರೋದು ಅರವತ್ತೆರಡು."

"ಸರಿ, ಕುದಿಸಿ ಕೊಡೋಣ. ಅರ್ಧ ಗಂಟೆ ಕುದಿಸ್ತೀನಿ."

"ಕುದಿಸಿದ್ರೆ ನೀರು ಆವಿಯಾಗಿ ಹೋಗತ್ತೆ, ನೈಟ್ರೇಟು ಅಲ್ಲೇ ಉಳಿಯತ್ತೆ. ಎಷ್ಟು ಕುದಿಸಿದ್ರೂ ಅದು ಹೋಗಲ್ಲ, ಇನ್ನೂ ಗಟ್ಟಿಯಾಗತ್ತೆ."

"ಥೇಟ್ ನಿಮ್ಮ ಹಾಗೇ," ಎಂದಳು ಹೆಂಡತಿ. "ಹೋಗ್ಲಿ, ಒಂದು ತಿಂಗಳ ಮಟ್ಟಿಗೆ ಕ್ಯಾನ್ ನೀರು ತರಿಸೋಣ."

ಸಾಹೇಬರ ಮುಖ ಕೆಂಪಾಯಿತು. "ಊರಿಗೆಲ್ಲ ನಲ್ಲಿ ನೀರು ಕುಡೀರಿ ಅಂತ ಸಹಿ ಹಾಕೋನು ನಾನು. ನಮ್ಮನೆ ಬಾಗಿಲಿಗೆ ಕ್ಯಾನ್ ಬಂದ್ರೆ ನಾನು ಕಚೇರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋ ಮುಖಾನೇ ಇಟ್ಕೊಂಡು ಹೋಗಿ, ಅಲ್ಲೇನು ಯಾರೂ ನೋಡಲ್ಲ."

ಕ್ಯಾನಿನ ಮಾತನ್ನು ಮಗಳೂ ಒಪ್ಪಲಿಲ್ಲ. "ಅಮ್ಮ ಅರೆನಿದ್ದೆಯಲ್ಲಿ ಎದ್ದು ನಲ್ಲಿ ನೀರೇ ಹಾಕಿಬಿಡ್ತಾಳೆ ಅಪ್ಪ. ನೀನು ಸರಿಯಾಗಿದೆ ಅಂತ ಹೇಳು, ಮಾರನೇ ದಿನವೇ ಹೊರಡ್ತೀನಿ. ನಿನ್ನ ಮಾತು ಬಿಟ್ರೆ ಬೇರೆ ಯಾರ ಮಾತೂ ನಂಗೆ ಬೇಡ." ಫೋನಿನಲ್ಲಿ ಈ ಮಾತು ಕೇಳಿದಾಗ ಸಾಹೇಬರ ಎದೆ ಉಬ್ಬಿತು, ಮರುಕ್ಷಣವೇ ಕುಸಿಯಿತು. ಪ್ರಾಮಾಣಿಕತೆಯ ಇಂಥ ಫಲ ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಅವರ ಬೀದಿ ಒಂದು ಇಳಿಜಾರು. ನಾಲ್ಕೇ ಮನೆ. ಕಚೇರಿಯ ಪೈಪು ಅಲ್ಲಿಗೆ ಇನ್ನೂ ಬಂದಿಲ್ಲ, ನಾಲ್ಕು ಮನೆಗೂ ಸೇರಿ ಒಂದು ಬಾವಿ, ಒಂದು ಪಂಪು, ಒಂದು ತೊಟ್ಟಿ. ಎಲ್ಲಕ್ಕಿಂತ ಮೇಲೆ ನಿವೃತ್ತ ಹೆಡ್‌ಮಾಸ್ತರ ಮನೆ, ಅದರ ಕೆಳಗೆ ಹಾಲಿನವ್ವನದು, ಆಮೇಲೆ ಹಲ್ಲಿನ ಡಾಕ್ಟರದು, ಆಮೇಲೆ ಬಾವಿ. ಬಾವಿಗಿಂತ ಕೆಳಗೆ ಸಾಹೇಬರ ಮನೆ ಮತ್ತು ಅವರ ಹನ್ನೊಂದು ಗುಲಾಬಿ ಗಿಡ. ಬೀದಿಯ ಬಾವಿ ಕಚೇರಿಯ ಪಟ್ಟಿಯಲ್ಲಿ ಇಲ್ಲದ್ದರಿಂದ ಅದರ ನೀರನ್ನು ಕಚೇರಿಯ ಪೆಟ್ಟಿಗೆಯಲ್ಲಿ, ಕಚೇರಿಯ ಪುಡಿಯಲ್ಲಿ, ಕಚೇರಿಯ ಸೀಸೆಯಲ್ಲಿ ಪರೀಕ್ಷಿಸುವುದು ಸಾಹೇಬರ ದೃಷ್ಟಿಯಲ್ಲಿ ಕಳ್ಳತನ. ಹಾಗಾಗಿ ಪೆಟ್ಟಿಗೆಯನ್ನೂ ಪುಡಿಯನ್ನೂ ಸ್ವಂತಕ್ಕೆ ಕೊಂಡಿದ್ದರು. ಸೀಸೆ ಮಾತ್ರ ಕೊಳ್ಳಬೇಕಾಗಿ ಬರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಅಳತೆಯ ಗೆರೆಗಳಿದ್ದ ನೀಲಿ ಮುಚ್ಚಳದ ಸೀಸೆ ಒಂದಿತ್ತು, ಗುಲಾಬಿಗೆ ಗೊಬ್ಬರ ಕದಡಲು ಇಟ್ಟುಕೊಂಡದ್ದು. ನಿಯಮದ ಪ್ರಕಾರ ಅದನ್ನು ಮೂರು ಸಲ ಅದೇ ನೀರಿನಲ್ಲಿ ಕುಲುಕಿ ಚೆಲ್ಲಿ, ನಾಲ್ಕನೇ ಸಲ ಹಿಡಿಯುತ್ತಿದ್ದರು. ಹೆಂಡತಿ ತೊಳೆದು ಕೊಡುತ್ತೇನೆ ಎಂದದ್ದಕ್ಕೆ, "ಇದು ವಿಜ್ಞಾನ, ಸೌಟು ತೊಳೆದ ಹಾಗಲ್ಲ" ಎಂದಿದ್ದರು.

ಕಾರಣ ಹುಡುಕಿ ತೆಗೆದು, ಸರಿಪಡಿಸಿ, ಅಂಕಿಯನ್ನು ಇಳಿಸದೆ ಬಿಡುವುದಿಲ್ಲ ಎಂದು ಸಾಹೇಬರು ಅಂದೇ ತೀರ್ಮಾನಿಸಿದರು. ಇದ್ದದ್ದು ಐದು ವಾರ. ಇನ್ನೂರು ಪುಟದ ಹೊಸ ನೋಟುಪುಸ್ತಕ ತಂದು ನಾಲ್ಕು ಕಾಲಂ ಗೆರೆ ಎಳೆದರು. ಮೊದಲ ಸಾಲಿನಲ್ಲಿ ಅರವತ್ತೆರಡು ಎಂದು ಬರೆದು, ಛತ್ರಿ ಹಿಡಿದು, ಬೀದಿ ಹತ್ತಿ ಹೊರಟರು.

ಹೆಡ್‌ಮಾಸ್ತರು ತಮ್ಮ ಹುಲ್ಲುಹಾಸಿನ ನಡುವೆ ಕುರ್ಚಿ ಹಾಕಿ ಕೂತಿದ್ದರು. ಆ ಹುಲ್ಲು ಎಂದರೆ ಅವರಿಗೆ ಪ್ರಾಣ. ತಿಂಗಳಿಗೆ ಒಂದು ಮೂಟೆ ಯೂರಿಯಾ ಅದಕ್ಕೆ.

"ನೀವು ಹಾಕೋ ಯೂರಿಯಾದಲ್ಲಿ ಹುಲ್ಲು ತಿನ್ನೋದು ಕಾಲು ಪಾಲು ಸಾರ್," ಎಂದರು ಸಾಹೇಬರು. "ಉಳಿದದ್ದು ಮಣ್ಣಲ್ಲಿ ನೈಟ್ರೇಟಾಗಿ, ಮಳೆ ಬಿದ್ದ ಕೂಡಲೇ ಕೆಳಗಿಳಿದು ಬಾವಿ ಸೇರತ್ತೆ. ಬೇಸಿಗೆಯಲ್ಲಿ ಒಣಗಿ ಕೂತಿದ್ದು ಮೊದಲ ಮಳೆಗೆ ಒಟ್ಟಿಗೇ ಹೊರಡತ್ತೆ."

"ನನಗೇ ಪಾಠ ಹೇಳ್ತೀರೇನ್ರೀ?"

"ಮಗು ಬರೋದಿದೆ ಸಾರ್."

ಹೆಡ್‌ಮಾಸ್ತರು ನಲವತ್ತು ವರ್ಷ ಮಕ್ಕಳನ್ನು ಹೆದರಿಸಿದವರು. ಆದರೆ ಮೂರು ತಿಂಗಳ ಮಗುವಿನ ಮುಂದೆ ಅವರ ಬೆತ್ತ ನಡೆಯಲಿಲ್ಲ. ಅಂದೇ ಯೂರಿಯಾ ಮೂಟೆಯ ಬಾಯಿ ಕಟ್ಟಿಸಿದರು. ಹದಿನೈದು ದಿನದಲ್ಲಿ ಹುಲ್ಲು ಹಳೇ ಚಾಪೆಯ ಬಣ್ಣಕ್ಕೆ ತಿರುಗಿತು.

ಹಾಲಿನವ್ವ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅವಳಿಗೆ ಎರಡು ಹಸು, ಕೊಟ್ಟಿಗೆಯ ಹಿಂದೆ ಆಳೆತ್ತರದ ಗೊಬ್ಬರದ ರಾಶಿ.

"ನನ್ನ ಹಸು ಸಗಣಿ ಹಾಕ್ದೆ ಇನ್ನೇನು ಹಾಕ್ಬೇಕು ಸಾಹೇಬ್ರೆ? ನಿಮ್ಮ ಗುಲಾಬಿಗೂ ಗೊಬ್ಬರ ಹಾಕ್ತೀರಲ್ಲ, ಅದರದ್ದೇನು ಕಥೆ?"

"ಅದು ಬೇರೆ," ಎಂದರು ಸಾಹೇಬರು ಶಾಂತವಾಗಿ. "ನಮ್ಮನೆ ಬಾವಿಗಿಂತ ಕೆಳಗಿದೆ. ನೀರು ಮೇಲಕ್ಕೆ ಹತ್ತಲ್ಲವ್ವ. ನಮ್ಮ ಅಂಗಳದಲ್ಲಿ ಏನಿದ್ರೂ ಬಾವಿಗೆ ತೊಂದರೆ ಇಲ್ಲ. ಇದು ಪ್ರಕೃತಿ ನಿಯಮ."

"ಹಾಗೋ," ಎಂದಳು ಹಾಲಿನವ್ವ. ಅವಳು ಯಾವ ಮಾತನ್ನೂ ಮರೆಯುವವಳಲ್ಲ. ವಾರದೊಳಗೆ ಗೊಬ್ಬರವನ್ನು ಗಾಡಿಗೆ ತುಂಬಿ ಕಳಿಸಿದಳು, ಕೊಟ್ಟಿಗೆಯನ್ನು ಕಿತ್ತು ಹಾಕಿದಳು, ಹಸುಗಳನ್ನು ದಿಬ್ಬದಾಚೆ ಅಣ್ಣನ ಮನೆಗೆ ಅಟ್ಟಿದಳು. ಹಾಲು ಕರೆಯಲು ದಿನಕ್ಕೆರಡು ಸಲ ದಿಬ್ಬ ಹತ್ತಿ ಇಳಿಯುತ್ತ, ಪ್ರತಿ ಸಲವೂ ಸಾಹೇಬರ ಗೇಟಿನ ಮುಂದೆ ನಿಂತು ಗಟ್ಟಿಯಾಗಿ ಒಂದು ಉಸಿರು ಬಿಟ್ಟು ಹೋಗುತ್ತಿದ್ದಳು.

ಇನ್ನು ಹಲ್ಲಿನ ಡಾಕ್ಟರು. ಅವರ ಶೌಚದ ಗುಂಡಿ ಬಾವಿಯಿಂದ ಇಪ್ಪತ್ತು ಹೆಜ್ಜೆ. ಸಾಹೇಬರು ಹೆಜ್ಜೆ ಎಣಿಸಿಕೊಂಡೇ ಒಳಗೆ ಹೋದರು. ಕುರ್ಚಿಯಲ್ಲಿ ಒಬ್ಬ ರೋಗಿ ಬಾಯಿ ತೆರೆದು ಕೂತಿದ್ದ. ಅವನ ಎದುರಿಗೇ, ಗುಂಡಿಯ ಬಿರುಕಿನಿಂದ ಸೋರಿದ್ದು ಹೇಗೆ ಬಾವಿಗೆ ಬಂದು, ಪಂಪಿನಲ್ಲಿ ಏರಿ, ಡಾಕ್ಟರು ಬಾಯಿ ಮುಕ್ಕಳಿಸಲು ಕೊಡುವ ಆ ಲೋಟಕ್ಕೆ ಸೇರುತ್ತದೆ ಎಂಬುದನ್ನು ಚಿತ್ರ ಬರೆದು ವಿವರಿಸಿದರು. ರೋಗಿ ತೆರೆದ ಬಾಯಿಯನ್ನು ಮುಚ್ಚಿಕೊಂಡು ಎದ್ದು ಹೋದ. ಡಾಕ್ಟರು ಮಾರನೇ ದಿನವೇ ಗುಂಡಿ ಅಗೆಸಿ ಹೊಸದಾಗಿ ಕಟ್ಟಿಸಲು ಶುರುಮಾಡಿದರು. ಅದು ಮುಗಿಯುವವರೆಗೆ ಅವರ ಮನೆಯ ಐದು ಜನ ದಿನವೂ ಬೆಳಿಗ್ಗೆ ಹೆಡ್‌ಮಾಸ್ತರ ಮನೆಗೆ ಸಾಲಾಗಿ ಹತ್ತಿ ಹೋಗುತ್ತಿದ್ದರು. ಹೆಡ್‌ಮಾಸ್ತರು ಇದಕ್ಕೂ ಸಾಹೇಬರನ್ನೇ ಬೈದರು.

ಇಷ್ಟೆಲ್ಲ ಆದ ಮೇಲೆ ಅಂಕಿ ಇಳಿಯಬೇಕಿತ್ತು. ಎರಡನೇ ವಾರ ಮಳೆ ಬಿತ್ತು, ಎಪ್ಪತ್ತೊಂದಕ್ಕೆ ಹತ್ತಿತು. ಮೂರನೇ ವಾರ ಜೋರು ಮಳೆ, ಎಪ್ಪತ್ತೆಂಟು. ನಡುವೆ ನಾಲ್ಕು ದಿನ ಬಿಸಿಲು ಬಂದಾಗ ಐವತ್ತೈದಕ್ಕೆ ಇಳಿದು ಆಸೆ ತೋರಿಸಿತು. ಮತ್ತೆ ಒಂದು ಸಂಜೆ ಮಳೆ, ಈ ಸಲ ಎಂಬತ್ತು. ಮಳೆಗೂ ಅಂಕಿಗೂ ನಂಟು ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಸಾಹೇಬರು ಅದನ್ನು ಕೆಂಪು ಶಾಯಿಯಲ್ಲಿ ನಕ್ಷೆ ಬರೆದು ಗೋಡೆಗೆ ಅಂಟಿಸಿದರು. ಮಳೆ ನಿಂತ ಕೂಡಲೇ, ಗುಲಾಬಿಯ ಬುಡದ ಗೊಬ್ಬರ ಕೊಚ್ಚಿ ಹೋಗಿರುತ್ತದಲ್ಲ ಎಂದು, ಶೆಡ್ಡಿಗೆ ಹೋಗಿ ಸೀಸೆಯಲ್ಲಿ ಹೊಸದಾಗಿ ಕದಡಿ ಕುಲುಕಿ ಒಂದೊಂದು ಗಿಡಕ್ಕೂ ಹಾಕುವರು. ಆಮೇಲೆ ಸೀಸೆಯನ್ನು ಮೂರು ಸಲ ಕುಲುಕಿ ಚೆಲ್ಲಿ ನಲ್ಲಿಗೆ ಹಿಡಿಯುವರು. ಅಂಕಿ ನೋಡಿ ಕುಸಿದು ಕೂರುವರು. ಆ ತಿಂಗಳು ಅವರ ಮನಸ್ಸಿಗೆ ಸಮಾಧಾನ ಕೊಟ್ಟದ್ದು ಗುಲಾಬಿಗಳು ಮಾತ್ರ. ಹಿಂದೆಂದೂ ಅಷ್ಟು ಚೆನ್ನಾಗಿ ಅರಳಿರಲಿಲ್ಲ.

ನಾಲ್ಕನೇ ವಾರದ ಕೊನೆಗೆ ಮಗಳ ಫೋನು ಬಂತು. "ಎಷ್ಟಿದೆ ಅಪ್ಪ? ಟಿಕೆಟ್ ಯಾವ ಕಡೆಗೆ ಮಾಡಿಸ್ಲಿ?"

ಸಾಹೇಬರು ಪುಸ್ತಕದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಹೆಂಡತಿ ಎದುರಿಗೆ ನಿಂತು ನಾಲ್ಕು ಬೆರಳು ಎತ್ತಿ, ಪಕ್ಕದಲ್ಲಿ ಸೊನ್ನೆ ಸುತ್ತಿ ತೋರಿಸುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

"ಎಂಬತ್ತಮ್ಮ," ಎಂದರು. "ಬರಬೇಡ."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಒಳಗೆ ಹೋಗಿ, ಅಟ್ಟದಿಂದ ಇಳಿಸಿ ತೊಳೆದು ಒಣಗಿಸಿ ಇಟ್ಟಿದ್ದ ತೊಟ್ಟಿಲನ್ನು ಒಬ್ಬಳೇ ಎತ್ತಿ, ಏಣಿ ಇಟ್ಟು, ಮತ್ತೆ ಅಟ್ಟಕ್ಕೆ ಹಾಕಿದಳು. ಏಣಿ ಹಿಡಿದುಕೊಳ್ಳಲು ಹೋದ ಗಂಡನಿಗೆ, "ಬೇಡ, ನೀವು ಅಂಕಿ ನೋಡ್ಕೊಳ್ಳಿ" ಎಂದಳು. ಎರಡು ದಿನ ಅವಳು ತಟ್ಟೆಗೆ ಬಡಿಸಿಟ್ಟು ಎದ್ದು ಹೋದಳು. ಸಾಹೇಬರು ಹಿತ್ತಲಲ್ಲಿ ಕೂತು, ಗಂಡಸಾದವನು ಅಳಬಾರದು ಎನ್ನುವುದನ್ನು ಯಾರೋ ನೀರು ಪರೀಕ್ಷೆ ಮಾಡದವರು ಹೇಳಿರಬೇಕು ಎಂದುಕೊಂಡರು. ನಿಜವಾಗಿ ಅತ್ತರು.

ಮೂರನೇ ದಿನ ಅವರಿಗೆ ಒಂದು ದಾರಿ ಹೊಳೆಯಿತು. ಹಿರಿಯ ಅಧಿಕಾರಿಯಿಂದ ಬರವಣಿಗೆಯಲ್ಲಿ ಅನುಮತಿ ಪಡೆದು, ಮನೆಯ ನೀರನ್ನು ಕಚೇರಿಯ ದೊಡ್ಡ ಯಂತ್ರದಲ್ಲಿ ಒಂದೇ ಒಂದು ಸಲ ಪರೀಕ್ಷಿಸುವುದು. ನೀಲಿ ಮುಚ್ಚಳದ ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗಿ, ತಮ್ಮ ಮೇಜಿನ ಮೇಲಿಟ್ಟು, ಅರ್ಜಿ ಹಿಡಿದು ಅಧಿಕಾರಿಯ ಕೋಣೆಯ ಮುಂದೆ ಕಾದರು. ಇಂಥ ಅರ್ಜಿಯನ್ನು ಹಿಂದೆಂದೂ ಕಂಡಿರದ ಅಧಿಕಾರಿ ಅದನ್ನು ಮೂರು ಸಲ ಓದಿ, ಏನೋ ಒಳಸಂಚಿರಬೇಕು ಎಂದು ಅನುಮಾನಿಸಿ, ಕೊನೆಗೆ ಸಹಿ ಹಾಕಿದರು.

ಸಾಹೇಬರು ವಾಪಸು ಬಂದಾಗ ಮೇಜು ಖಾಲಿ. ಸೀಸೆ ಮೂಲೆಯ ತೊಟ್ಟಿಯ ಪಕ್ಕ ಬೋರಲು ಬಿದ್ದು ನೀರು ಸೋರಿಸಿಕೊಳ್ಳುತ್ತಿತ್ತು. ಅಲ್ಲಿ ಇಪ್ಪತ್ತು ವರ್ಷದಿಂದ ಸೀಸೆ ತೊಳೆಯುವ ಹೆಂಗಸು ಕೈ ಒರೆಸಿಕೊಳ್ಳುತ್ತಿದ್ದಳು. ಕಣ್ಣಿಗೆ ಬಿದ್ದ ಸೀಸೆಯನ್ನು ತೊಳೆದುಬಿಡುವುದು ಅವಳ ಪದ್ಧತಿ.

"ಅಯ್ಯೋ, ನನ್ನ ಸ್ಯಾಂಪಲ್ಲು," ಎಂದರು ಸಾಹೇಬರು.

"ಯಾವ ಸ್ಯಾಂಪಲ್ಲು ಸಾರ್? ಇಷ್ಟು ಕೊಳಕು ಸೀಸೇಲಿ ಯಾರಾದ್ರೂ ಸ್ಯಾಂಪಲ್ ಹಿಡೀತಾರಾ? ಮುಚ್ಚಳದ ಒಳಗೆ ನೋಡಿದ್ರಾ? ಆ ರಬ್ಬರಿನ ಬಿಲ್ಲೆ ಕೆಳಗೆ ಬೆಳ್ಳಗೆ ಪೊರೆ ಕಟ್ಟಿತ್ತು. ಉಗುರಲ್ಲಿ ಕೆರೆದು ತೆಗೆದೆ. ನಮ್ಮನೆ ಟೊಮೇಟೊ ಗಿಡಕ್ಕೆ ಹಾಕೋ ಗೊಬ್ಬರದುಪ್ಪು ಇದ್ದ ಹಾಗಿತ್ತು."

"ನಾನು ಮೂರು ಸಲ ತೊಳೀತೀನಿ," ಎಂದರು ಸಾಹೇಬರು. ಅವರ ದನಿ ಅವರಿಗೇ ದೂರದಿಂದ ಕೇಳಿತು.

"ಸೀಸೆ ತೊಳೀತೀರಿ. ಮುಚ್ಚಳ?"

ಇಪ್ಪತ್ತಾರು ವರ್ಷದಲ್ಲಿ ಸಾಹೇಬರು ಒಂದು ಮುಚ್ಚಳವನ್ನೂ ತೊಳೆದಿರಲಿಲ್ಲ. ಕಚೇರಿಯಲ್ಲಿ ಅವೆಲ್ಲ ಈ ಹೆಂಗಸಿನ ಕೈಯಿಂದ ಹೊಳೆಯುತ್ತಲೇ ಬರುತ್ತಿದ್ದವು. ಮಳೆ ಬಂದಾಗಲೆಲ್ಲ ಗೊಬ್ಬರ ಕದಡಿ, ಮುಚ್ಚಳ ಹಾಕಿ ಕುಲುಕಿ, ಅದೇ ಮುಚ್ಚಳವನ್ನು ನಲ್ಲಿ ನೀರಿನ ಮೇಲೆ ತಿರುಗಿಸಿ ಅವರು ಮತ್ತೆ ಕುಲುಕಿದ್ದರು. ಗೋಡೆಯ ಮೇಲಿನ ಕೆಂಪು ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಅದು ಬಾವಿಯ ನಕ್ಷೆಯಾಗಿರಲಿಲ್ಲ, ಅಷ್ಟೇ. ಅಂದೇ ಮನೆಗೆ ಓಡಿ, ಮಿರಮಿರ ಮಿಂಚುವ ಆ ಸೀಸೆಯಲ್ಲಿ ಹೊಸದಾಗಿ ನೀರು ಹಿಡಿದು ನೋಡಿದರು. ಹದಿನೆಂಟು. ಮತ್ತೊಮ್ಮೆ ನೋಡಿದರು. ಹದಿನೆಂಟು.

ಹೆಂಡತಿ ಪೂರ್ತಿ ಕೇಳಿಸಿಕೊಂಡು, ಮೊದಲು ಮಗಳಿಗೆ ಫೋನು ಮಾಡಿ ಬರಲು ಹೇಳಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಬೀದಿಯವರಿಗೆ ಈ ಮುಚ್ಚಳದ ಪುರಾಣ ಹೇಳಬೇಡಿ. ಹುಲ್ಲು ಸತ್ತಿದೆ, ಹಸು ದಿಬ್ಬ ಹತ್ತಿವೆ, ಆ ಡಾಕ್ಟರ ಮನೆಯವರು ಇನ್ನೂ ಮೇಲಕ್ಕೆ ಓಡಾಡ್ತಿದ್ದಾರೆ. ಮಗು ಬಂದು ಹೋಗೋವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರಿ."

"ಕೇಳಿದ್ರೆ?"

"ಹದಿನೆಂಟು ಅನ್ನಿ. ಅದು ನಿಜ ತಾನೇ?"

ಸಾಹೇಬರು ಬಾಯಿಗೆ ಬೀಗ ಹಾಕಿಕೊಂಡರು. ಆದರೆ ಕಾಲಮಿಗೆ ಬೀಗ ಹಾಕುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ.

ಅಂಕಿ ಹದಿನೆಂಟಕ್ಕೆ ಇಳಿದದ್ದು ತಿಳಿದು ಬೀದಿಗೆ ಬೀದಿಯೇ ಬೀಗಿತು. ತಮ್ಮ ಹುಲ್ಲಿನ ಬಲಿದಾನದಿಂದಲೇ ಎಂದು ಹೆಡ್‌ಮಾಸ್ತರಿಗೆ, ತನ್ನ ಕಾಲುನೋವಿನಿಂದಲೇ ಎಂದು ಹಾಲಿನವ್ವನಿಗೆ, ತಮ್ಮ ಹೊಸ ಗುಂಡಿಯಿಂದಲೇ ಎಂದು ಡಾಕ್ಟರಿಗೆ. ಮಗು ಬಂದ ಮಾರನೇ ಸಂಜೆ ಎಲ್ಲರೂ ನೋಡಲು ಬಂದರು. ಮಗು ನಲ್ಲಿ ನೀರಿನ ಹಾಲು ಕುಡಿದು, ತೊಟ್ಟಿಲಲ್ಲಿ ಕಾಲು ಬಡಿಯುತ್ತಿತ್ತು. ತುಟಿ ಗುಲಾಬಿ ಬಣ್ಣಕ್ಕಿತ್ತು. ಅದನ್ನು ನೋಡುತ್ತ ಸಾಹೇಬರಿಗೆ ತಾವು ಮಾಡಿದ್ದೆಲ್ಲ ಮರೆತುಹೋಗುವಷ್ಟು ಸಂತೋಷವಾಗಿತ್ತು. ಮರೆಯಬಾರದಿತ್ತು.

ಹೆಡ್‌ಮಾಸ್ತರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಈ ಮಹಾಕಾರ್ಯದ ದಾಖಲೆ ಸಾಹೇಬರ ಪುಸ್ತಕದಲ್ಲಿದೆ. ಮಗಳೇ, ಅದನ್ನು ತಂದು ಎಲ್ಲರಿಗೂ ಕೇಳೋ ಹಾಗೆ ಓದಮ್ಮ."

"ಅದೆಲ್ಲ ಯಾಕೆ ಸಾರ್," ಎಂದು ಸಾಹೇಬರು ಎದ್ದರು. ಮಗಳು ಆಗಲೇ ಪುಸ್ತಕ ಬಿಡಿಸಿದ್ದಳು.

"ಅರವತ್ತೆರಡು, ಕಾರಣ: ಹೆಡ್‌ಮಾಸ್ತರ ಹುಲ್ಲು." ಹೆಡ್‌ಮಾಸ್ತರು ಹೆಮ್ಮೆಯಿಂದ ತಲೆದೂಗಿದರು. "ಎಪ್ಪತ್ತೊಂದು, ಕಾರಣ: ಹಸುವಿನ ಗೊಬ್ಬರ. ಎಪ್ಪತ್ತೆಂಟು, ಕಾರಣ: ಡಾಕ್ಟರ ಗುಂಡಿ." ಅವರವರ ಸಾಲಿಗೆ ಅವರವರು ತಲೆದೂಗಿದರು. "ಹದಿನೆಂಟು, ಕಾರಣ..." ಮಗಳು ನಿಲ್ಲಿಸಿದಳು.

"ಓದಮ್ಮ, ಅದೇ ಮುಖ್ಯವಾದದ್ದು."

ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಓದಿದಳು. "ಕಾರಣ: ಮುಚ್ಚಳ ತೊಳೆದದ್ದು. ಪರೀಕ್ಷಕನ ಗುಲಾಬಿ ಗೊಬ್ಬರ ಸೀಸೆಯ ಮುಚ್ಚಳದಲ್ಲಿತ್ತು. ನೀರು ಮೊದಲಿನಿಂದಲೂ ಸರಿಯಾಗಿತ್ತು. ಮೇಲಿನ ಎಲ್ಲ ಕಾರಣಗಳನ್ನು ರದ್ದುಮಾಡಿದೆ."

ಮಗು ಒಂದು ತೇಗು ತೇಗಿತು. ಹಲ್ಲಿನ ಡಾಕ್ಟರು ತಮ್ಮ ಮನೆಯ ಐದು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಹೆಡ್‌ಮಾಸ್ತರು ಕಿಟಕಿಯ ಹೊರಗೆ, ಕೆಂಪಗೆ ಕಿಕ್ಕಿರಿದು ಅರಳಿದ್ದ ಹನ್ನೊಂದು ಗಿಡಗಳನ್ನು ನೋಡಿದರು. ಹೆಂಡತಿ ಗಂಡನನ್ನು ನೋಡಲೇ ಇಲ್ಲ.

ಮಾರನೇ ಬೆಳಿಗ್ಗೆ ಸಾಹೇಬರು ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದಾಗ, ಹಾಲಿನವ್ವ ತನ್ನ ಎರಡೂ ಹಸುಗಳನ್ನು ಅವರ ಗೇಟಿನೊಳಗೆ ಕಟ್ಟಿ ಗಂಟು ಬಿಗಿಯುತ್ತಿದ್ದಳು. ಹಗ್ಗ ಧಾರಾಳವಾಗಿ ಉದ್ದವಿತ್ತು. ದೊಡ್ಡ ಹಸು ಆಗಲೇ ನಾಲ್ಕನೇ ಗಿಡಕ್ಕೆ ಬಂದಿತ್ತು.

"ಇಲ್ಲಿ ಯಾಕವ್ವ ಕಟ್ತೀಯ?" ಎಂದರು ಸಾಹೇಬರು.

"ಕೊಟ್ಟಿಗೆ ಕಿತ್ತು ಹಾಕ್ಬಿಟ್ಟಿದೀನಲ್ಲ ಸಾಹೇಬ್ರೆ, ಹೊಸದು ಕಟ್ಟೋವರೆಗೆ ಇಲ್ಲೇ ಇರ್ಲಿ. ನಿಮ್ಮನೆ ಬಾವಿಗಿಂತ ಕೆಳಗಿದೆ. ನಿಮ್ಮ ಅಂಗಳದಲ್ಲಿ ಏನಿದ್ರೂ ತೊಂದರೆ ಇಲ್ಲ ಅಂತ ನೀವೇ ಹೇಳಿದ್ರಿ. ಪ್ರಕೃತಿ ನಿಯಮ."

ಮಗು ಹಸುವಿನ ಬಾಯಿಂದ ಉದುರುತ್ತಿದ್ದ ಕೆಂಪು ಎಸಳುಗಳನ್ನು ನೋಡಿ, ಹುಟ್ಟಿದ ಮೇಲೆ ಮೊದಲ ಸಲ ದನಿ ಬಿಟ್ಟು ನಕ್ಕಿತು. ಸಾಹೇಬರು ಅದನ್ನು ಇಳಿಸದೆ, ಜಗಲಿಯ ಮೇಲಿದ್ದ ಪುಸ್ತಕ ಬಿಡಿಸಿ ಒಂದು ಕೈಯಲ್ಲೇ ಬರೆದರು: ಜಾಗ, ಅಂಗಳ. ಗುಲಾಬಿ, ಏಳು. ಕಾರಣದ ಕಾಲಮನ್ನು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಖಾಲಿ ಬಿಟ್ಟು, ಮಗುವಿನ ಬಾಟಲಿಗೆ ನೀರು ಹಿಡಿಯಲು ಒಳಗೆ ಹೋದರು. ಹಿಡಿಯುವ ಮೊದಲು ಮುಚ್ಚಳವನ್ನು ಮೂರು ಸಲ ತೊಳೆದರು.